ಹಳೆಯ ಪಂಚಾಂಗ, ಹೊಸ ಮಹಡಿ

ಯುಗಾದಿಯ ಹಿಂದಿನ ದಿನ ಆ ಮನೆಯ ಅಜ್ಜ ತಪ್ಪದೆ ಮಾಡುವ ಕೆಲಸ ಒಂದುಂಟು. ಪಡಸಾಲೆಯ ಮೊಳೆಗೆ ತೂಗುಹಾಕಿದ ಹಳೆಯ ಪಂಚಾಂಗವನ್ನು ತೆಗೆದು, ಧೂಳು ಕೊಡವಿ, ರದ್ದಿಯ ಕಟ್ಟಿಗೆ ಸೇರಿಸುವುದು. ಹೊಸದನ್ನು ಅದೇ ಮೊಳೆಗೆ ಸಿಕ್ಕಿಸುವುದು. "ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷದ ಮುಹೂರ್ತ ಇಟ್ಟರೆ ಆಗುತ್ತದೆಯೇ?" ಎಂದು ಪ್ರತಿ ವರ್ಷವೂ ಅವರು ಕೇಳುವುದುಂಟು. ಪ್ರತಿ ವರ್ಷವೂ ಯಾರೂ ಉತ್ತರ ಕೊಡುವುದಿಲ್ಲ. ಆದರೆ 2024ರ ಬೇಸಿಗೆಯಲ್ಲಿ ಅದೇ ಪ್ರಶ್ನೆ ಒಂದು ಮಹಡಿಯ ನಕ್ಷೆಯನ್ನೇ ಬದಲಿಸಿತು.

ಮನೆ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿದೆ. ಎಂಬತ್ತರ ದಶಕದಲ್ಲಿ ಕಟ್ಟಿಸಿದ ನೆಲ ಅಂತಸ್ತು. ಆಗ ಅಜ್ಜ ಇಡೀ ಮನೆಗೆ ಒಂದೇ ಒಂದು ಫ್ಯಾನಿನ ಕೊಕ್ಕೆ ಹಾಕಿಸಿದ್ದರು. ಅದೂ ಬಳ್ಳಾರಿ ಕಡೆಯಿಂದ ಬರುವ ನೆಂಟರಿಗಾಗಿ. ಬೆಂಗಳೂರಿನವರಿಗೆ ಫ್ಯಾನು ಬೇಕೆನ್ನುವುದು ಆ ಕಾಲದಲ್ಲಿ ಸ್ವಲ್ಪ ಶೋಕಿಯ ಮಾತೇ ಆಗಿತ್ತು.

ಈಗ ಮಗ ಮೇಲೊಂದು ಮಹಡಿ ಕಟ್ಟಿಸಬೇಕೆಂದು ಹೊರಟಿದ್ದಾರೆ. ಬ್ಯಾಂಕಿನ ನೌಕರಿ, ಮಗಳ ಕಾಲೇಜಿನ ಫೀಸು, ಸಾಲದ ಕಂತು. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟು ಎಲ್ಲರೂ ಮೇಲೆ ಹೋಗುವುದೆಂದು ತೀರ್ಮಾನವಾಯಿತು. ಹೃದಯದ ತೊಂದರೆಯಿರುವ ಅಜ್ಜನಿಗೆ ನೈರುತ್ಯ ಮೂಲೆಯ ಕೋಣೆ. ತಲೆಯ ಮೇಲೆ ನೇರವಾಗಿ ತಾರಸಿ, ಪಕ್ಕದಲ್ಲಿ ಪಡುವಣ ಗೋಡೆ. ತಾರಸಿಗೆ ಶಾಖ ತಡೆಯುವ ಪದರ ಹಾಕಿಸಿ, ಪಡುವಣ ಗೋಡೆಗೆ ನೆರಳು ಕೊಡುವುದಾದರೆ ಖರ್ಚು ಒಂದು ಲಕ್ಷಕ್ಕಿಂತ ಹೆಚ್ಚಾಗುತ್ತದೆ ಎಂದರು ಗುತ್ತಿಗೆದಾರರು. ಅದು ಬೇಕೇ, ಬೇಡವೇ?

ಮನೆಯಲ್ಲೇ ಒಬ್ಬಳು ಪರಿಣತೆ ಇದ್ದಳಲ್ಲ. ಮಗಳು ವಾಸ್ತುಶಿಲ್ಪದ ನಾಲ್ಕನೆಯ ವರ್ಷದ ವಿದ್ಯಾರ್ಥಿನಿ. "ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತೇನೆ ಅಪ್ಪ" ಎಂದಳು.

ಅವಳು ಮಾಡಿದ ಕೆಲಸಕ್ಕೆ ಕಟ್ಟಡದ ಶಕ್ತಿ ಸಿಮ್ಯುಲೇಶನ್ ಎಂದು ಹೆಸರು. ಹೆಸರು ದೊಡ್ಡದು, ವಿಷಯ ಸರಳ. ಇಟ್ಟಿಗೆ ಇಡುವ ಮೊದಲೇ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಒಂದು ಇಡೀ ವರ್ಷ ಬಿಸಿಲು, ಗಾಳಿ, ಚಳಿಗೆ ಒಡ್ಡಿ ನೋಡುವುದು. ಗೋಡೆ ಎಷ್ಟು ದಪ್ಪ, ಕಿಟಕಿ ಯಾವ ದಿಕ್ಕಿಗೆ, ಒಳಗೆ ಎಷ್ಟು ಜನ, ಎಷ್ಟು ದೀಪ, ಫ್ರಿಜ್ಜು ಎಲ್ಲಿ ಎಂಬುದನ್ನೆಲ್ಲ ತುಂಬಿಸಿದರೆ, ಪ್ರತಿ ಗಂಟೆಯೂ ಕೋಣೆಯ ಉಷ್ಣಾಂಶ ಎಷ್ಟಿರುತ್ತದೆ, ಕರೆಂಟು ಎಷ್ಟು ಬೇಕಾಗುತ್ತದೆ ಎಂದು ಅದು ಲೆಕ್ಕ ಹಾಕಿ ಕೊಡುತ್ತದೆ. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಹೊರತಂದ ಎನರ್ಜಿಪ್ಲಸ್ ಎಂಬ ಇಂಥ ತಂತ್ರಾಂಶ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ.

ಪರದೆಯ ಮೇಲೆ ಬಣ್ಣದ ಗೆರೆ ಮೂಡಿತು. ಏಪ್ರಿಲ್‌ನ ಕೆಲವು ಮಧ್ಯಾಹ್ನಗಳನ್ನು ಬಿಟ್ಟರೆ ಅಜ್ಜನ ಕೋಣೆಗೆ ಫ್ಯಾನ್ ಸಾಕು. ರಾತ್ರಿ ಕಿಟಕಿ ತೆರೆದಿಟ್ಟರೆ ಅದೂ ಬೇಡ. ಅಪ್ಪನಿಗೆ ಸಂತೋಷವಾಯಿತು. ಉಳಿದ ಹಣದಲ್ಲಿ ನೆಲಕ್ಕೆ ಗ್ರಾನೈಟ್ ಹಾಕಿಸಬಹುದಲ್ಲ!

ಆ ಏಪ್ರಿಲ್ ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು. 2024ರ ಏಪ್ರಿಲ್ 28ರಂದು ನಗರದ ಗರಿಷ್ಠ ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಬೆಂಗಳೂರಿನ ಏಪ್ರಿಲ್ ಎಂದರೆ ಸರಾಸರಿ ಗರಿಷ್ಠ ಸುಮಾರು 34 ಡಿಗ್ರಿ. ಅಂದು ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದ ಮೊಮ್ಮಗಳಿಗೆ, ಅಜ್ಜ ಒದ್ದೆ ಟವೆಲ್ ಹೊದ್ದು ಪಡಸಾಲೆಯಲ್ಲಿ ಕೂತಿದ್ದು ಕಂಡಿತು. "ಇಲ್ಲಿ ಬಾ" ಎಂದು ಕರೆದು ಅವಳ ಅಂಗೈಯನ್ನು ಪಡುವಣ ಗೋಡೆಯ ಮೇಲೆ ಇಡಿಸಿದರು. ಸೂರ್ಯ ಮುಳುಗಿ ಆರು ಗಂಟೆಯಾಗಿತ್ತು. ಗೋಡೆ ಇನ್ನೂ ದೋಸೆಯ ಕಾವಲಿ ಆರಿದ ಹಾಗೆ ಬೆಚ್ಚಗಿತ್ತು.

"ನಿನ್ನ ಕಂಪ್ಯೂಟರು ಯಾವ ವರ್ಷದ ಪಂಚಾಂಗ ನೋಡುತ್ತಮ್ಮ?" ಎಂದರು ಅಜ್ಜ.

ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಹವಾಮಾನದ ಕಡತವನ್ನು ತೆರೆದಳು. ಕಾಲೇಜಿನಲ್ಲಿ ಎಷ್ಟೋ ಸಲ ಬಳಸಿದ ಕಡತ. ಒಳಗೇನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಬರೀ ಅಂಕಿಗಳ ಸಾಲು. ಗಂಟೆಗೊಂದು ಸಾಲು, ದಿನಕ್ಕೆ 24, ವರ್ಷಕ್ಕೆ 8,760. ಪ್ರತಿ ಸಾಲಿನ ಮೊದಲಲ್ಲಿ ಇಸವಿ, ತಿಂಗಳು, ದಿನ, ಗಂಟೆ. ಆಮೇಲೆ ಉಷ್ಣಾಂಶ, ತೇವಾಂಶ, ಗಾಳಿಯ ವೇಗ, ಬಿಸಿಲಿನ ಪ್ರಮಾಣ. ಇಸವಿಯ ಕಾಲಮ್ಮನ್ನು ನೋಡಿ ಅವಳಿಗೆ ಆಶ್ಚರ್ಯ. ಜನವರಿ ಒಂದು ಇಸವಿಯದು, ಫೆಬ್ರವರಿ ಇನ್ನೊಂದರದು, ಮಾರ್ಚಿ ಮತ್ತೊಂದರದು. ಹೆಚ್ಚಿನವು ಅವಳು ಹುಟ್ಟುವ ಮೊದಲಿನವು.

* * *

ಹೀಗೇಕೆ? ಇದರ ಹಿಂದೆ ಒಂದು ಕಥೆಯಿದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಕಟ್ಟಡಗಳು ನುಂಗುವ ಇಂಧನದ ಲೆಕ್ಕ ಹಾಕುವುದು ಎಲ್ಲೆಡೆ ಮುಖ್ಯವಾಯಿತು. ಆದರೆ ಯಾವ ವರ್ಷದ ಹವೆ ಹಿಡಿದು ಲೆಕ್ಕ ಹಾಕುವುದು? ಮೂವತ್ತು ವರ್ಷಗಳನ್ನೂ ಓಡಿಸಿ ನೋಡುವ ಶಕ್ತಿ ಆಗಿನ ಕಂಪ್ಯೂಟರುಗಳಿಗೆ ಇರಲಿಲ್ಲ. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದವರು 1978ರಲ್ಲಿ ಒಂದು ಉಪಾಯ ಕಂಡುಹಿಡಿದರು. ಹಲವು ವರ್ಷಗಳ ಜನವರಿಗಳನ್ನು ಸಾಲಾಗಿ ನಿಲ್ಲಿಸಿ, ದೀರ್ಘಕಾಲದ ರೂಢಿಗೆ ಅತ್ಯಂತ ಹತ್ತಿರವಿರುವ ಒಂದು ಜನವರಿಯನ್ನು ಆರಿಸಿದರು. ಫೆಬ್ರವರಿಗೂ ಹಾಗೆಯೇ, ಮಾರ್ಚಿಗೂ ಹಾಗೆಯೇ. ಹೀಗೆ ಆರಿಸಿದ ಹನ್ನೆರಡು ತಿಂಗಳುಗಳನ್ನು ಕೌದಿಯ ಹಾಗೆ ಹೊಲಿದು ಒಂದು 'ಮಾದರಿ ವರ್ಷ' ಮಾಡಿದರು. ಯಾವ ಕ್ಯಾಲೆಂಡರಿನಲ್ಲೂ ಇಲ್ಲದ, ಯಾರೂ ಬದುಕಿರದ ವರ್ಷ ಅದು. ಆದರೂ ಲೆಕ್ಕಕ್ಕೆ ತುಂಬ ಉಪಯುಕ್ತ. ಇಂದಿಗೂ ಜಗತ್ತಿನ ಬಹುಪಾಲು ಕಟ್ಟಡಗಳ ಲೆಕ್ಕ ಇಂಥ ವರ್ಷಗಳ ಮೇಲೆಯೇ ನಿಂತಿದೆ.

ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ ತರಗತಿಯ ಮಟ್ಟ ತೋರಿಸಲು ಒಬ್ಬನೇ ಹುಡುಗನನ್ನು ಎಬ್ಬಿಸಬೇಕೆಂದರೆ ಯಾರನ್ನು ಎಬ್ಬಿಸುವುದು ನ್ಯಾಯ? ರ್‍ಯಾಂಕ್ ಹುಡುಗನನ್ನೂ ಅಲ್ಲ, ಕೊನೆಯ ಬೆಂಚಿನವನನ್ನೂ ಅಲ್ಲ; ನಡುವಿನವನನ್ನು. ಮಾದರಿ ವರ್ಷದ ತತ್ವವೂ ಇದೇ. ಬೇಕೆಂದೇ ನಡುವಿನ ತಿಂಗಳನ್ನು ಎಬ್ಬಿಸುತ್ತಾರೆ. 1961ರಿಂದ 1990ರವರೆಗಿನ ದಾಖಲೆಗಳಿಂದ ಅಮೆರಿಕದಲ್ಲಿ ಎರಡನೆಯ ಸಲ ಮಾದರಿ ವರ್ಷಗಳನ್ನು ತಯಾರಿಸಿದಾಗ, ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿ 1982ರಲ್ಲಿ ಸ್ಫೋಟಿಸಿ ಆಕಾಶವನ್ನು ಮಬ್ಬಾಗಿಸಿದ ಕಾಲವನ್ನು, ಅಂದರೆ 1982ರ ಮೇ ತಿಂಗಳಿಂದ 1984ರ ಕೊನೆಯವರೆಗಿನ ತಿಂಗಳುಗಳನ್ನು, ಲೆಕ್ಕದಿಂದ ಹೊರಗಿಟ್ಟರು. ಅದು ಸರಿಯಾದ ಎಚ್ಚರಿಕೆಯೇ. ಅಸಾಮಾನ್ಯವಾದದ್ದು ಸಾಮಾನ್ಯವನ್ನು ಕೆಡಿಸಬಾರದು.

ಈ ಜಾಣತನದ ಅಡಿಯಲ್ಲಿ ಎರಡು ನಂಬಿಕೆಗಳು ಅಡಗಿವೆ. ಒಂದು, ಮುಂದಿನ ವರ್ಷಗಳು ಹಿಂದಿನವುಗಳ ಹಾಗೆಯೇ ಇರುತ್ತವೆ ಎಂಬುದು. ಇನ್ನೊಂದು, ವಿಪರೀತದ ದಿನಗಳು ಹೇಗಿದ್ದರೂ ಅಪರೂಪ ಎಂಬುದು. ಎರಡೂ ಈಗ ಅಲುಗಾಡುತ್ತಿವೆ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 2024ನೆಯ ಇಸವಿ, ದಾಖಲೆ ಇಡತೊಡಗಿದಂದಿನಿಂದ ಅತ್ಯಂತ ಬಿಸಿಯಾದ ವರ್ಷ. ಹತ್ತೊಂಬತ್ತನೆಯ ಶತಮಾನದ ದ್ವಿತೀಯಾರ್ಧದ ಸರಾಸರಿಗಿಂತ ಭೂಮಿ ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬೆಚ್ಚಗಿತ್ತು.

ಹಾಗೆಂದು ಹಳೆಯ ದಾಖಲೆಗಳನ್ನು ಹಗುರವಾಗಿ ಕಾಣುವಂತಿಲ್ಲ. ಒಂದೊಂದು ಅಂಕಿಯ ಹಿಂದೆಯೂ ಯಾರದೋ ಬೆವರಿದೆ. ನಮ್ಮ ದೇಶದ ಬಿಸಿಲನ್ನು ಅಳೆದವರ ಮಾತು ಬಂದಾಗ ಅನ್ನಾ ಮಣಿ ಅವರನ್ನು ನೆನೆಯದೆ ಇರಲಾಗದು. 1918ರಲ್ಲಿ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದ ಆಕೆ, 1948ರಲ್ಲಿ ಭಾರತೀಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸಬೇಕಿದ್ದ ಹವಾಮಾನದ ಉಪಕರಣಗಳನ್ನು ಇಲ್ಲಿಯೇ ಮಾಡಿಸಿದರು. ದೇಶದ ಉದ್ದಗಲಕ್ಕೂ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಭಾರತದ ಸೌರ ವಿಕಿರಣದ ಅಂಕಿಅಂಶಗಳ ಅವರ ಕೈಪಿಡಿ 1980ರಲ್ಲಿ ಬಂತು. ಎಂಜಿನಿಯರುಗಳ ಮೇಜಿನ ಮೇಲೆ ವರ್ಷಾನುಗಟ್ಟಲೆ ಇದ್ದ ಪುಸ್ತಕ ಅದು. ನಿವೃತ್ತಿಯ ನಂತರ ಬೆಂಗಳೂರಿನಲ್ಲೇ ಉಪಕರಣಗಳ ಕಾರ್ಯಾಗಾರ ನಡೆಸಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬ ಶಿಸ್ತು ಅವರದು. ಅಂಥವರು ಅಳೆದಿಟ್ಟದ್ದರಿಂದಲೇ, ಹವೆ ಬದಲಾಗಿದೆ ಎಂದು ಹೇಳಲು ಇವತ್ತು ಒಂದು ಆಧಾರವಿದೆ. ಹಳೆಯ ಅಂಕಿ ಸುಳ್ಳಲ್ಲ. ಅದು ತನ್ನ ಕಾಲಕ್ಕೆ ನಿಜ. ಅದರ ಇಸವಿಯನ್ನು ಮರೆತು ಬಳಸಿದವರದು ತಪ್ಪು.

* * *

"ಆದರೂ ಒಂದು ಡಿಗ್ರಿ ತಾನೆ?" ಎಂದರು ಬ್ಯಾಂಕಿನ ಅಪ್ಪ. "ಮೂವತ್ತು ಇದ್ದದ್ದು ಮೂವತ್ತೊಂದಾದರೆ ಶೇಕಡಾ ಮೂರು ಹೆಚ್ಚಿತು. ಅದಕ್ಕೆ ಒಂದು ಲಕ್ಷ ಸುರಿಯಬೇಕೇ?"

ಬಹಳ ಜನ ಎಡವುವ ಜಾಗ ಇದೇ. ಗೋಡೆಯ ಮೂಲಕ ಶಾಖ ಹರಿಯುವುದು ಹೊರಗಿನ ಉಷ್ಣಾಂಶದಿಂದಲ್ಲ, ಒಳಗಿನ ಮತ್ತು ಹೊರಗಿನ ಉಷ್ಣಾಂಶಗಳ ಅಂತರದಿಂದ. ವಿದ್ಯಾರ್ಥಿಗಳು ಈ ಪುಟ್ಟ ಲೆಕ್ಕವನ್ನು ಮಾಡಿ ನೋಡಬಹುದು. ನೆರಳಿನಲ್ಲಿರುವ 10 ಚದರ ಮೀಟರ್ ಇಟ್ಟಿಗೆ ಗೋಡೆ. ಒಂದು ಚದರ ಮೀಟರಿನಲ್ಲಿ, ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 2 ವಾಟ್ ಶಾಖ ಹಾಯುತ್ತದೆ ಎನ್ನೋಣ. ಒಳಗೆ 26 ಡಿಗ್ರಿ ಇರಬೇಕು. ಹೊರಗೆ 30 ಇದ್ದರೆ ಅಂತರ 4. ಒಳಬರುವ ಶಾಖ 10 x 2 x 4, ಅಂದರೆ 80 ವಾಟ್. ಹೊರಗೆ 31 ಆದರೆ ಅಂತರ 5. ಶಾಖ 100 ವಾಟ್. ಹೊರಗೆ ಏರಿದ್ದು ಒಂದೇ ಡಿಗ್ರಿ. ಹೊರೆ ಏರಿದ್ದು ಶೇಕಡಾ ಇಪ್ಪತ್ತೈದು!

ರಾತ್ರಿಯ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ತಾನು ಕುಡಿದದ್ದನ್ನು ಕೂಡಲೇ ಒಳಗೆ ಬಿಡುವುದಿಲ್ಲ. ತಾರಸಿಯ ಹೊರಮೈ ನಡುಹಗಲಲ್ಲಿ ಕಾದರೆ, ಒಳಮೈ ಕಾಯುವುದು ಮೂರು ನಾಲ್ಕು ಗಂಟೆಯ ಬಳಿಕ. ಪಡುವಣ ಗೋಡೆಯ ಮೇಲಂತೂ ಬಿಸಿಲು ಬೀಳುವುದೇ ಸಂಜೆ. ಅದರ ಬಿಸಿ ಒಳಗೆ ಬರುವುದು ಮಲಗುವ ಹೊತ್ತಿಗೆ. ಅದನ್ನು ಹೊರದಬ್ಬಲು ಇರುವ ಅಗ್ಗದ ಉಪಾಯ ರಾತ್ರಿಯ ತಂಗಾಳಿ. ಕೋಣೆಯೊಳಗೆ 29, ಹೊರಗೆ 23 ಡಿಗ್ರಿ ಇದ್ದರೆ ಅಂತರ 6. ಹೊರಗಿನ ರಾತ್ರಿ 25ಕ್ಕೆ ಏರಿದರೆ ಅಂತರ 4. ತೆರೆದ ಕಿಟಕಿಯ ಶಕ್ತಿಯಲ್ಲಿ ಮೂರನೆಯ ಒಂದು ಭಾಗ ಹೋಯಿತು. ಕಿಟಕಿ ಅದೇ, ಗಾಳಿಯೂ ಅದೇ. ಅಜ್ಜ ಮುಟ್ಟಿ ತೋರಿಸಿದ ಗೋಡೆ ಹೇಳುತ್ತಿದ್ದುದು ಇದನ್ನೇ.

ಆದ್ದರಿಂದ ಹವಾಮಾನದ ಕಡತ ಬದಲಾದರೆ ಕರೆಂಟು ಬಿಲ್ಲಿನ ಅಂಕಿ ಮಾತ್ರ ಬದಲಾಗುವುದಿಲ್ಲ. ಯಾವ ಉಪಾಯ ಒಳ್ಳೆಯದು ಎಂಬ ತೀರ್ಪೇ ಬದಲಾಗಬಹುದು. ಹಳೆಯ ಕಡತದಲ್ಲಿ ದಂಡ ಎನಿಸಿದ್ದ ತಾರಸಿಯ ಪದರ ಹೊಸದರಲ್ಲಿ ಅಗತ್ಯವಾಗುತ್ತದೆ. ಹಳೆಯದರಲ್ಲಿ ಸಾಕೆನಿಸಿದ್ದ ತೆರೆದ ಕಿಟಕಿ ಹೊಸದರಲ್ಲಿ ಸಾಲದಾಗುತ್ತದೆ. ಚಳಿ ದೇಶಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಉಂಟು. ಅಲ್ಲಿ ಮನೆ ಕಾಯಿಸುವ ಖರ್ಚು ಇಳಿಯುತ್ತದೆ, ಬೇಸಿಗೆಯ ಖರ್ಚು ಏರುತ್ತದೆ. ಚಳಿಯನ್ನೇ ಎಣಿಸಿ ಕಟ್ಟಿದ ಮನೆಗಳು ಸೆಕೆಯಲ್ಲಿ ಕಂಗಾಲಾಗುತ್ತವೆ.

ಕಂಗಾಲು ಎಂಬುದು ಸಣ್ಣ ಮಾತಾಯಿತು. 2003ರ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ತೀರಿಕೊಂಡರು, ಹೆಚ್ಚಿನವರು ವೃದ್ಧರು. ಯಾರಿಗೆ ಅಪಾಯ ಹೆಚ್ಚಿತ್ತು ಎಂದು ನಂತರ ಸಂಶೋಧಕರು ಹುಡುಕಿದಾಗ, ಛಾವಣಿಯ ಕೆಳಗಿನ ಕೋಣೆಯಲ್ಲಿ, ಶಾಖ ತಡೆಯುವ ಪದರವಿಲ್ಲದ ಮನೆಗಳಲ್ಲಿ ಮಲಗುತ್ತಿದ್ದವರಿಗೆ ಎಂದು ತಿಳಿಯಿತು. ನಮ್ಮ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು; ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿದ್ದವು. ಅದರಿಂದ ಪಾಠ ಕಲಿತ ನಗರ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿತು. ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಸುವ ಕೆಲಸವೂ ನಡೆಯಿತು. ಮಾದರಿ ವರ್ಷದಲ್ಲಿ ಇಂಥ ತಿಂಗಳುಗಳಿಗೆ ಜಾಗವಿಲ್ಲ. ನಡುವಿನ ಹುಡುಗನನ್ನು ಎಬ್ಬಿಸುವ ಇನ್‌ಸ್ಪೆಕ್ಟರಿಗೆ ಕೊನೆಯ ಬೆಂಚಿನ ಹುಡುಗನ ಜ್ವರ ಕಾಣುವುದಿಲ್ಲ.

* * *

ಹಾಗಾದರೆ ಮುಂದಿನ ಪಂಚಾಂಗ ಎಲ್ಲಿ ಸಿಗುತ್ತದೆ? ನಾಳಿನ ಹವೆಯನ್ನು ಯಾರೂ ಅಳೆದಿಲ್ಲವಲ್ಲ! 2005ರಲ್ಲಿ ಬ್ರಿಟನ್ನಿನ ಸ್ಟೀಫನ್ ಬೆಲ್ಚರ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದರು. ಹಳೆಯ ಮಾದರಿ ವರ್ಷವನ್ನೇ ಇಟ್ಟುಕೊಂಡು, ಹವಾಮಾನ ವಿಜ್ಞಾನಿಗಳ ಮುನ್ನೋಟಕ್ಕೆ ತಕ್ಕಂತೆ ಅದನ್ನು ತಿದ್ದುವುದು. ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಎಲ್ಲರಿಗೂ ಐದೈದು ಗ್ರೇಸ್ ಮಾರ್ಕ್ಸ್ ಕೊಟ್ಟರೆ ಇಡೀ ಪಟ್ಟಿ ಮೇಲಕ್ಕೆ ಸರಿಯುತ್ತದೆ. ಎಲ್ಲರ ಅಂಕವನ್ನೂ ಒಂದೂಕಾಲರಿಂದ ಗುಣಿಸಿದರೆ ಹೆಚ್ಚು ಕಡಿಮೆಗಳ ನಡುವಿನ ಅಂತರವೂ ಹಿಗ್ಗುತ್ತದೆ. ಮೊದಲನೆಯದು ಸರಿಸುವುದು, ಎರಡನೆಯದು ಹಿಗ್ಗಿಸುವುದು. ಉಷ್ಣಾಂಶಕ್ಕೆ ಎರಡನ್ನೂ ಸೇರಿಸಿ ಬಳಸುತ್ತಾರೆ. ತೇವಾಂಶ, ಬಿಸಿಲು, ಗಾಳಿಗಳನ್ನೂ ಹೊಂದಿಸಿ ತಿದ್ದಬೇಕಾಗುತ್ತದೆ. ಹೀಗೆ 2050ರ ಬೆಂಗಳೂರಿಗೂ ಒಂದು ಕಡತ ಮಾಡಬಹುದು.

ಇದರಲ್ಲೂ ಮಿತಿಯುಂಟು. ಜಗತ್ತು ಇನ್ನೆಷ್ಟು ಕಲ್ಲಿದ್ದಲು, ಎಣ್ಣೆ ಸುಡುತ್ತದೆ ಎಂಬುದರ ಮೇಲೆ ಮುನ್ನೋಟಗಳೇ ಹಲವು. ಹಳೆಯ ಕಡತ ನಡುವಿನ ವರ್ಷದ್ದಾದರೆ ತಿದ್ದಿದ ಕಡತವೂ ನಡುವಿನ ವರ್ಷದ್ದೇ; ಬಿಸಿಗಾಳಿ ಅದರಲ್ಲೂ ಇರದು. ವೀಕ್ಷಣಾಲಯದಲ್ಲಿ ಅಳೆದ ಉಷ್ಣಾಂಶಕ್ಕೂ, ಮರವೇ ಇಲ್ಲದ ಬೀದಿಯ ಉಷ್ಣಾಂಶಕ್ಕೂ ವ್ಯತ್ಯಾಸವಿದ್ದೇ ಇರುತ್ತದೆ. ಹಾಗಾಗಿ ತಿಳಿದವರು ಒಂದೇ ಕಡತವನ್ನು ನಂಬುವುದಿಲ್ಲ. ಒಂದೇ ಮನೆಯನ್ನು ಹಲವು ಕಡತಗಳ ಎದುರು ನಿಲ್ಲಿಸಿ, ಎಲ್ಲದರಲ್ಲೂ ಪಾಸಾಗುವ ನಕ್ಷೆಯನ್ನು ಹುಡುಕುತ್ತಾರೆ.

ಹುಡುಗಿಯೂ ಹಾಗೆಯೇ ಮಾಡಿದಳು. ಕಾಲೇಜಿನ ಮೇಷ್ಟ್ರ ನೆರವಿನಿಂದ 2016ರ ನಿಜವಾದ ದಾಖಲೆಯ ಕಡತ ಸಿಕ್ಕಿತು. ಆ ವರ್ಷದ ಏಪ್ರಿಲ್‌ನಲ್ಲೇ ಬೆಂಗಳೂರು 39.2 ಡಿಗ್ರಿ ಕಂಡದ್ದು. ಅದು ನಗರದ ದಾಖಲೆ. 2050ಕ್ಕೆ ತಿದ್ದಿದ ಕಡತವನ್ನೂ ತಯಾರಿಸಿಕೊಂಡಳು. ಕೋಣೆ ಅದೇ, ಗೋಡೆ ಅದೇ. ಹಳೆಯ ಕಡತದಲ್ಲಿ ಪಾಸಾಗಿದ್ದ ಅಜ್ಜನ ಕೋಣೆ ಉಳಿದೆರಡರಲ್ಲೂ ಫೇಲು. ಅದೂ ಮಧ್ಯಾಹ್ನ ಅಲ್ಲ, ರಾತ್ರಿ ಹತ್ತರಿಂದ ಎರಡರವರೆಗೆ. ಅಜ್ಜ ಟವೆಲ್ ಹೊದ್ದು ಕೂತಿದ್ದ ಹೊತ್ತು.

ಆಮೇಲೆ ಒಂದೊಂದನ್ನೇ ಬದಲಿಸಿ ನೋಡಿದಳು. ಬರೀ ಕಾಂಕ್ರೀಟ್ ತಾರಸಿಯ ಪ್ರತಿ ಚದರ ಮೀಟರಿನಲ್ಲಿ, ಪ್ರತಿ ಡಿಗ್ರಿ ಅಂತರಕ್ಕೆ ಮೂರು ವಾಟಿಗೂ ಹೆಚ್ಚು ಶಾಖ ಹಾಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ವಾಸದ ಮನೆಗಳಿಗಾಗಿ ಮಾಡಿದ ಇಂಧನ ಸಂಹಿತೆಯ ಪ್ರಕಾರ ಅದು 1.2 ವಾಟ್ ಮೀರಬಾರದು. ಪದರ ಹಾಕಿ, ಮೇಲೆ ಬಿಳಿ ಬಳಿದಾಗ ಗೆರೆ ಇಳಿಯಿತು. ಪಡುವಣ ಗೋಡೆಗೆ ನೆರಳು ಕೊಟ್ಟಾಗ ಇನ್ನಷ್ಟು ಇಳಿಯಿತು. ಎದುರುಬದುರು ಕಿಟಕಿ ಇಟ್ಟಾಗ ಮತ್ತೂ ಸ್ವಲ್ಪ. 2050ರ ಕೆಲವು ರಾತ್ರಿಗಳು ಹಾಗೂ ಫೇಲಾಗಿಯೇ ಉಳಿದವು. ಅದನ್ನೂ ಅವಳು ಮುಚ್ಚಿಡದೆ ಅಪ್ಪನಿಗೆ ತೋರಿಸಿದಳು.

ಅಪ್ಪ ಬಹಳ ಹೊತ್ತು ಗೆರೆಗಳನ್ನು ನೋಡುತ್ತ ಕೂತರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ. "2050ಕ್ಕೆ ನನಗೆ ಎಷ್ಟು ವಯಸ್ಸು?" ಎಂದು ಕೇಳಿದರು. ಮಗಳು ಲೆಕ್ಕ ಹಾಕಿದಳು. ಈಗ ಅಜ್ಜನಿಗಿರುವಷ್ಟೇ. ಆ ಹೊತ್ತಿಗೆ ನೈರುತ್ಯ ಮೂಲೆಯ ಕೋಣೆಯಲ್ಲಿ ಮಲಗುವವರು ಯಾರು ಎಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಗ್ರಾನೈಟ್ ಬಿಟ್ಟು ಕೆಂಪು ಆಕ್ಸೈಡ್ ನೆಲಕ್ಕೆ ಒಪ್ಪಿಗೆಯಾಯಿತು.

2025ರ ಯುಗಾದಿಗೆ ಮಹಡಿಯ ಗೋಡೆಗಳು ಎದ್ದಿದ್ದವು. ಅಜ್ಜ ಎಂದಿನಂತೆ ಹಳೆಯ ಪಂಚಾಂಗವನ್ನು ತೆಗೆದು ರದ್ದಿಗೆ ಹಾಕಲು ಹೊರಟಾಗ ಮೊಮ್ಮಗಳು ಅದನ್ನು ಕೇಳಿ ಇಸಿದುಕೊಂಡಳು. "ಹಳೆಯದು ಯಾಕಮ್ಮ?" ಎಂದರು.

"ಬಿಸಾಡಬಾರದು ತಾತ. ಯಾವ ವರ್ಷದ್ದು ಅಂತ ಮೇಲೆ ಬರೆದಿಟ್ಟುಕೊಂಡರೆ ಸಾಕು."

ಅವಳ ನಕ್ಷೆಯ ಬಲ ಮೂಲೆಯಲ್ಲಿ, ಅಳತೆ, ದಿಕ್ಕು, ದಿನಾಂಕಗಳ ಕೆಳಗೆ, ಈಗ ಇನ್ನೊಂದು ಸಾಲು ಇರುತ್ತದೆ: ಲೆಕ್ಕಕ್ಕೆ ಬಳಸಿದ ಹವಾಮಾನದ ಇಸವಿಗಳು.